ಕಪ್ಪು ವಿಭೂತಿ

ಅಪ್ಪ ತೀರಿ ವರ್ಷ ತುಂಬುವುದರೊಳಗೆ ಸಮಾಧಿಯ ಮೇಲೆ ಅವರ ಮುಖವಿರುವ ಕಲ್ಲು ಕೂಡಿಸಬೇಕೆಂಬುದು ಅವ್ವನ ಒಂದೇ ಹಟ. ವಾಡಿಯ ನಮ್ಮ ಮನೆಯ ನೆಲ, ಕಟ್ಟೆ, ಬಚ್ಚಲು ಎಲ್ಲ ಶಹಾಬಾದಿ ಫರ್ಸಿಕಲ್ಲು. ಅದರಲ್ಲೇ ಆಗಲಿ ಎಂದುಕೊಂಡೆ. ಶಹಾಬಾದಿನಲ್ಲಿ ಲೇಸರಿನಿಂದ ಚಿತ್ರ ಕೆತ್ತುವ ಅಂಗಡಿಯವನು ಫರ್ಸಿಯ ಮೇಲೆ ಮುಖ ಏಳುವುದಿಲ್ಲ, ಕರಿ ಗ್ರಾನೈಟೇ ಬೇಕು ಎಂದ. ಶಹಾಬಾದಿಗೆ ಹೋಗಿ ಬೇರೆ ಊರಿನ ಕಲ್ಲಿಗೆ ಕಾದೆವು.

ಕಲ್ಲು ಬಂದ ಮೇಲೆ ಕಾಕಾನ ತಕರಾರು. ಫೋಟೊದಲ್ಲಿ ಅಪ್ಪನಿಗೆ ಕೋಟು ತೊಡಿಸಬೇಕಂತೆ. ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದವರು ಎಂದೂ ತೊಡದ ಕೋಟು ಅದು. ಕಾಕಾ ಹಾಕಿಸಿದ್ದನ್ನು ತೆಗೆಸಲೆಂದೇ ನಾನು ಮತ್ತೊಮ್ಮೆ ಹೋಗಿಬರಬೇಕಾಯಿತು.

ಕೊನೆಗೊಂದು ದಿನ ಅವ್ವನನ್ನೂ ಕರೆದುಕೊಂಡು ಹೋದೆ. ಅವಳು ಹೊರಗೆ ಸ್ಟೂಲಿನ ಮೇಲೆ ಕುಳಿತಳು. ನಾನು ಯಂತ್ರದ ಪಕ್ಕ ನಿಂತೆ. ಬೆಳಕಿನ ಚುಕ್ಕಿ ಗೆರೆಗೆರೆಯಾಗಿ ಓಡಾಡುತ್ತಿತ್ತು. ಅದು ತಾಗಿದಲ್ಲಿ ಕಲ್ಲಿನ ಹೊಳಪು ಸಿಡಿದು ಬಿಳುಪೇಳುತ್ತದೆ, ತಾಗದಲ್ಲಿ ಕಪ್ಪು ಹಾಗೇ ಉಳಿಯುತ್ತದೆ. ಮೊದಲು ಕೂದಲು ಮೂಡಿತು, ಬೆಳ್ಳಗೆ. ಫೋಟೊದಲ್ಲಿ ಅಪ್ಪನ ಕೂದಲು ಕಪ್ಪು. ಕೇಳಿದರೆ, "ಪೂರಾ ಆಗ್ಲಿ, ತಾಳ್ರಿ ಅಕ್ಕಾರ" ಎಂದ ಅಂಗಡಿಯವನು.

ಪೂರ್ತಿಯಾಯಿತು. ಮುಖ ಕಪ್ಪು, ಮೀಸೆ ಬಿಳಿ. ಹಣೆಯ ಮೂರೆಳೆ ವಿಭೂತಿ ಹೊಳೆಯುವ ಕಪ್ಪು. ಇದೇನು ಎಂದು ಕೇಳಿದೆ. ಹಿಂದಿನ ದಿನ ಅವನು ಕಟ್ಟಿಗೆಯ ಮೇಲೆ ಚಿತ್ರ ತೆಗೆದಿದ್ದನಂತೆ. ಕಟ್ಟಿಗೆ ಸುಟ್ಟಲ್ಲಿ ಕಪ್ಪಾಗುತ್ತದೆ, ಈ ಕಲ್ಲು ಬೆಳ್ಳಗಾಗುತ್ತದೆ; ಚಿತ್ರದ ಕಪ್ಪು-ಬಿಳುಪನ್ನು ತಿರುಗು ಮುರುಗು ಮಾಡುವುದನ್ನು ಮರೆತಿದ್ದ. ಕಲ್ಲನ್ನು ತಿಕ್ಕಿಸಿ ಹೊಸದಾಗಿ ಮಾಡಿಕೊಡುತ್ತೇನೆ ಎಂದ. ಅದಕ್ಕೆ ಮತ್ತೆಷ್ಟು ಓಡಾಟವೋ ಎಂದು ನಾನು ರೇಗಿದೆ.

ಸದ್ದಿಗೆ ಅವ್ವ ಒಳಗೆ ಬಂದಳು. ನಾನು ಅಡ್ಡ ನಿಂತರೂ ಸರಿಸಿದಳು. ಕಲ್ಲಿನ ಮೇಲೆ ಬಗ್ಗಿ ನೋಡಿದಳು.

"ಪಾಳಿ ಮುಗ್ಸಿ ಬರಾಗ ನಿಮ್ಮಪ್ಪ ಹಿಂಗೇ ಇರ್ತಿದ್ರು. ತಲಿ, ಮೀಸಿ ಎಲ್ಲಾ ಸಿಮೆಂಟ್ ಧೂಳು," ಎಂದಳು. ಆಮೇಲೆ ಅಂಗಡಿಯವನಿಗೆ, "ತಿಕ್ಕಬ್ಯಾಡಪ್ಪಾ."

ವಾದಿಸಿದೆ. ನೆಂಟರು ಏನೆನ್ನುತ್ತಾರೆ ಎಂದೆ. ಅವ್ವ ಕೇಳಲಿಲ್ಲ.

ಕಲ್ಲು ಕೂಡಿಸಿದ ದಿನ ಕಾಕಾ ಕೋಟಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಅಂಗಡಿಯವನು ತನ್ನ ಹೆಸರು ಕೆಡುತ್ತದೆ, ಕಲ್ಲು ಕೊಡಿ ಎಂದು ಇಂದಿಗೂ ಫೋನ್ ಮಾಡುತ್ತಾನೆ. ಅವನಿಗೆ ಉತ್ತರ ಹೇಳುವ ಕೆಲಸ ನನ್ನದು. ಅವ್ವ ಸೋಮವಾರ ಹೋಗಿ ಆ ಮೂರು ಕಪ್ಪು ಎಳೆಗಳ ಮೇಲೆ ಬೆರಳಿನಿಂದ ವಿಭೂತಿ ಎಳೆದು ಬರುತ್ತಾಳೆ. ಬಿಳಿ ಕೂದಲನ್ನು ಮಾತ್ರ ಸೆರಗಿನಿಂದಲೂ ಒರೆಸುವುದಿಲ್ಲ.