ಕೊಳದಪ್ಪಲೆಯ ಕಿಲುಬು

ನಾನು ಹೇಳುವುದನ್ನು ನಂಬದೇ ಇರಿ, ನೋಡೋಣ! ಕಿತಾಪತಿಯಲ್ಲಿ ನನ್ನನ್ನು ಮೀರಿಸುವವರು ಈ ಸಿಯಾಟಲ್ ಸೀಮೆಯಲ್ಲೇ ಇಲ್ಲ. ಇವತ್ತು ಸಾರಿಗೆಂದು ಹುಣಸೆಹಣ್ಣು ಕಿವುಚುತ್ತಿದ್ದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೆನ್ಮೋರಿನ ಅಕ್ಕ ನೆನಪಾಗಿ ಒಬ್ಬನೇ ನಗತೊಡಗಿದೆ...

ಒಡಹುಟ್ಟಿದವರಲ್ಲ, ಆ ಊರಿನಲ್ಲಿ ನಮ್ಮ ಪಕ್ಕದ ಮನೆಯವರು. ಮೈಸೂರಿನವರು. ಇಂಗ್ಲಿಷ್ ಒಂದಕ್ಷರ ಬಾರದು. ಹತ್ತು ಹನ್ನೆರಡು ವರ್ಷದ ಹಿಂದೆ ಅವರು ಮನೆ ಮಾರಿ, ಇಲ್ಲೇ ಹತ್ತಿರದ ನ್ಯೂಕ್ಯಾಸಲ್‌ನಲ್ಲಿ ಮಗಳ ಪುಟ್ಟ ಅಪಾರ್ಟ್‌ಮೆಂಟ್ ಸೇರುವುದೆಂದಾಯಿತು. ಹಳೆಯ ಸಾಮಾನುಗಳಲ್ಲಿ ಆಂಟೀಕ್ ಡೀಲರ್ ಕೇಳಿದ್ದನ್ನೆಲ್ಲ ಕೊಟ್ಟುಬಿಡುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದರು. ಆದರೆ ಒಂದರ ಮೇಲೆ ಜೀವ: ತವರಿನ ಹಿತ್ತಾಳೆ ಕೊಳದಪ್ಪಲೆ. ಯುಗಾದಿಗೆ ನಮಗೆಲ್ಲ ಆ ದೊಡ್ಡ ಪಾತ್ರೆಯಲ್ಲೇ ಬಿಸಿಬೇಳೆಬಾತ್.

"ಅವ್ನು ಬೇಡ ಅಂದ್ರೆ ಮಾತ್ರ ಇದು ಉಳಿಯತ್ತೆ ಕಣೋ" ಎಂದು ನಿಟ್ಟುಸಿರಿಟ್ಟರು.

ಡೀಲರ್ ಬಂದ. ಬಾಗಿಲ ಎತ್ತರದ ಆಸಾಮಿ. ಗ್ಯಾರೇಜಿನ ಮೂಲೆಯಲ್ಲಿದ್ದ ಕೊಳದಪ್ಪಲೆ ಕಂಡವನೇ ಮಂಡಿಯೂರಿ ಕೂತ. ಅದರ ಕಂಠಕ್ಕೆ ಹತ್ತಿದ್ದ ಹಸಿರನ್ನು ಮಗುವಿನ ಕೆನ್ನೆಯಂತೆ ಸವರಿ, ಇದರ ಬೆಲೆಯೆಲ್ಲ ಈ ಬಣ್ಣದಲ್ಲೇ ಇದೆ, ದಯವಿಟ್ಟು ಒರೆಸಲೂ ಬೇಡಿ ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡ. ಆಮೇಲೆ ಉಳಿದ ಸಾಮಾನು ತುಂಬಿಸಲು ವ್ಯಾನಿನತ್ತ ಹೋದ.

"ಏನಂತಾನೋ ಅವ್ನು?" ಅಕ್ಕ ಕೇಳಿದರು.

ನನ್ನ ತಲೆ ಸುಮ್ಮನಿರುತ್ತದೆಯೇ? "ನಿಮ್ಮ ಪಾತ್ರೆ ಕಿಲುಬು ಹಿಡಿದಿದೆ ಅಂತಾನೆ, ಅಕ್ಕ."

"ನಮ್ಮನೇ ಪಾತ್ರೇಲಿ ಕಿಲುಬಾ? ಆ ಲಂಬು ನನಗೆ ಹೇಳ್ತಾನಾ? ಲೋ ಕಪಿ, ಏನ್ ನೋಡ್ತಾ ನಿಂತಿದೀಯ, ಹುಣಸೆಹಣ್ಣು ತಗೊಂಬಾ!"

ಸೆರಗು ಸಿಕ್ಕಿಸಿ ಕೂತರು ನೋಡಿ... ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. ನಾನು ಪೈಪಿನಲ್ಲಿ ನೀರು ಬಿಟ್ಟೆ. ಡೀಲರ್ ಮರಳುವಷ್ಟರಲ್ಲಿ ಕೊಳದಪ್ಪಲೆ ಮದುಮಗಳಂತೆ ಥಳಥಳ ಹೊಳೆಯುತ್ತಿತ್ತು. ಅವನು ಸಾವಿನ ಮನೆಗೆ ಬಂದವನಂತೆ ನಿಂತ. "ಎಷ್ಟು ಕಾಲದ ಬಣ್ಣ ಅದು!" ಎಂದು ಗೋಳಾಡಿ, ಇದು ನನಗೆ ಬೇಡ ಎಂದು ಹೊರಟೇಹೋದ.

"ಇಷ್ಟು ಚೆನ್ನಾಗಿ ಉಜ್ಜಿಕೊಟ್ಟೆ, ಒಂದು ಥ್ಯಾಂಕ್ಸ್ ಹೇಳ್ಲಿಲ್ಲ ನೋಡು!" ಅಕ್ಕ ಹೊಟ್ಟೆ ಹಿಡಿದು ನಕ್ಕರು. ಅಂದೇ ಅದರಲ್ಲಿ ಬಿಸಿಬೇಳೆಬಾತ್ ಕುದಿಯಿತು. ಬೀದಿಗೆಲ್ಲ ಊಟ.

ಅಕ್ಕ ಈಗಿಲ್ಲ. ಯುಗಾದಿಗೆ ಮಗಳು ಅದೇ ಪಾತ್ರೆಯಲ್ಲಿ ಮಾಡಿ ಕರೆಯುತ್ತಾಳೆ. ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿಯೇ ಇರುತ್ತದೆ. ಸಾಕೆಂದು ಕೈ ಅಡ್ಡ ಹಿಡಿದರೂ ಬೈದು ಬಡಿಸುವವರಿಲ್ಲ, ಅಷ್ಟೇ...

ಇದರಲ್ಲಿ ಒಂದೇ ಒಂದು ಸುಳ್ಳು ಸೇರಿಸಿದ್ದೇನೆ. ಅಕ್ಕನಿಗೆ ಇಂಗ್ಲಿಷ್ ಬಾರದು ಎಂದೆನಲ್ಲ, ಅದು. ಇಲ್ಲಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಹೇಳಿದವರು ಅವರು. "ಏನಂತಾನೋ ಅವ್ನು?" ಎಂದು ನನ್ನನ್ನು ಕೇಳಿದ್ದು ಮಾತ್ರ ಅಪ್ಪಟ ನಿಜ.