ನಾಯಿ ಕಚ್ಚಿದ ಕೈಗೆ ನೀರು ತಾಗಿಸಲಿಲ್ಲ

ಪೊಲೀಸ್ ಆ್ಯಕ್ಷನ್ ಆದ ವರ್ಷ ನಮ್ಮ ಕಡೆ ನಾಯಿಗಳು ಅನಾಥವಾದವು. ರಜಾಕಾರರಿಗೆ ಹೆದರಿ ಕೆಲವರು, ಆಮೇಲೆ ದಂಡಿಗೆ ಹೆದರಿ ಕೆಲವರು ಮನೆಗೆ ಬೀಗ ಹಾಕಿ ಹೋದರು. ನಾಯಿಗಳು ಬೀಗದ ಮುಂದೆ ಕೂತವು, ಆಮೇಲೆ ಹಸಿದು ದಾರಿಗೆ ಬಿದ್ದವು.

ನಮ್ಮ ಮನೆಯವರು ನಾರಾಯಣಪೇಟೆಯಿಂದ ಸೀರೆ ಗಂಟು ಹೊತ್ತು ಗದ್ವಾಲಕ್ಕೆ ಹೊರಟಿದ್ದರು. ಮಕ್ತಲದಲ್ಲಿ ಒಂದು ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದಾಗ ನಾಯಿಯೊಂದು ಬಂತಂತೆ. ಪಾಪ ಅಂತ ರೊಟ್ಟಿ ಚಾಚಿದರು. ಅದು ರೊಟ್ಟಿ ಬಿಟ್ಟು ಕೈ ಹಿಡಿಯಿತು. ಹೊಳೆ ದಾಟಿ ಗದ್ವಾಲ ಸೇರಿದ ಮೇಲೆ ಅಲ್ಲಿನ ಕಂಪೌಂಡರ್ ಹೇಳಿದನಂತೆ: "ಆ ಸೂಜಿ ಇಲ್ಲಿಲ್ಲ. ರಾಯಚೂರಿಗೆ ಹೋಗ್ರಿ. ಹದಿನಾಲ್ಕು ದಿನ ಹೊಟ್ಟಿಗೆ ಹಾಕ್ತಾರ. ತಡ ಮಾಡಬ್ಯಾಡ್ರಿ."

ಅವರು ಹೇಳಿ ಹೋಗೋಣ ಅಂತ ಮನೆಗೆ ಬಂದರು. ಅಲ್ಲೇ ಕೆಟ್ಟಿತು.

"ಹದಿನಾಲ್ಕು ಸೂಜಿ ಚುಚ್ಚಿದ್ರ ನಿನ್ನ ಹೊಟ್ಟಿ ಜರಡಿ ಆಗ್ತೈತಿ ನೋಡಪ್ಪ. ಕುಡಿದ ಅಂಬಲಿ ಎಲ್ಲಾ ಸೋರ್ತೈತಿ!" ಎಂದ ಪಕ್ಕದ ಮಗ್ಗದವ. ಎಲ್ಲರೂ ನಕ್ಕೆವು. ಅವರೂ ನಕ್ಕರು.

"ನಮ್ಮ ಮಾವಗ ನರಿನೇ ಕಚ್ಚಿತ್ತು," ಎಂದರು ಅತ್ತೆ. "ಏಳು ಬಾವಿ ಇಣಿಕಿ ಬಂದ. ಮೊಮ್ಮಕ್ಕಳನ್ನ ಆಡಿಸಿ ಸತ್ತ."

"ಮಗ್ಗದ ಮ್ಯಾಲೆ ಅರ್ಧ ನೇಯ್ದ ಹಾಸು ಐತಿ. ಅದನ್ನ ಬಿಟ್ಟು ಹ್ಯಾಂಗ ಹೋಗಲಿ?" ಎಂದು ಇವರು ನನ್ನ ಮುಖ ನೋಡಿದರು. ಹೋಗಿ ಬರ್ರಿ ಅನ್ನಬಹುದಿತ್ತು. "ಮನಿದೇವ್ರು ಚೌಡಮ್ಮ ಇದಾಳ, ಬಿಡ್ರಿ" ಅಂದೆ.

ಏಳು ಬಾವಿಗಳಲ್ಲಿ ಮುಖ ನೋಡಿ ಬಂದರು. ಗಾಯಕ್ಕೆ ಖಾರದ ಪುಡಿ, ಸುಣ್ಣ ಒತ್ತಿದೆ. ನಾಯಿ ಕಚ್ಚಿದ ಜಾಗಕ್ಕೆ ನೀರು ಬಿದ್ದರೆ ವಿಷ ಏರುತ್ತದೆ ಅನ್ನುವುದು ನಮ್ಮ ಓಣಿಯ ಮಾತು. ನಲವತ್ತು ದಿನ ಆ ಕೈಗೆ ಹನಿ ನೀರು ತಾಗದಂತೆ ಕಾದೆ. ಸ್ನಾನ ಮಾಡಿಸುವಾಗ ಆ ಕೈಯನ್ನು ಬಚ್ಚಲ ಗೋಡೆಯ ಆಚೆ ಇಡಿಸುತ್ತಿದ್ದೆ. ದಿನವೂ ಒಪ್ಪತ್ತು ಇದ್ದೆ. ಗಾಯ ಮಾಯಿತು. ನಲವತ್ತು ತುಂಬಿದ ದಿನ ಮಗಳನ್ನು ಕರೆದುಕೊಂಡು ಓಣಿಗೆಲ್ಲ ಬೆಲ್ಲ ಹಂಚಿದೆ.

ಅದಾಗಿ ಒಂದು ವಾರವೂ ಆಗಿರಲಿಲ್ಲ. ಬೆಳಿಗ್ಗೆ ಬೀದಿಯುದ್ದ ಹೊಸ ಹಾಸು ಬಿಗಿದು ನೂಲಿಗೆ ಗಂಜಿ ಹಚ್ಚುತ್ತಿದ್ದೆವು. ನಾನು ಗಂಜಿ ನೀರು ಚಿಮುಕಿಸುತ್ತ ಬರುತ್ತಿದ್ದೆ, ಅವರು ಹಿಂದೆ ಕುಂಚ ಎಳೆಯುತ್ತಿದ್ದರು. ಗಾಳಿಗೆ ನಾಲ್ಕು ಹನಿ ಅವರ ಮುಖಕ್ಕೆ ಸಿಡಿದವು. ಕುಂಚ ಬಿಸಾಕಿ ಗಂಟಲು ಹಿಡಿದುಕೊಂಡರು.

"ಆ ಗಡಿಗೆ ಆಚಿ ಒಯ್ಯಿ," ಎಂದರು. "ನೋಡಾಕ ಆಗವಲ್ದು."

ಪಕ್ಕದವ ಮತ್ತೇನೋ ಚಾಷ್ಟಿ ಮಾಡಲು ಬಾಯಿ ತೆರೆದವನು ಗಡಿಗೆ ಎತ್ತಿಕೊಂಡು ಮರೆಗೆ ಒಯ್ದ. ಅತ್ತೆ ಗಾಡಿ ಕರೆಯಲು ಓಡಿದರು.

ಗಾಡಿಯವ ರಾಯಚೂರಿಗೆ ಬರೋದಿಲ್ಲ ಅನ್ನಲಿಲ್ಲ. ಅದು ದೇವರ ದಯೆ. ದಾರಿಯುದ್ದಕ್ಕೂ ಅವರಿಗೆ ನನ್ನ ಗುರುತಿತ್ತು, ಅದೂ ದಯೆ. "ಮಗಳನ್ನ ಹತ್ರ ಬಿಡಬ್ಯಾಡ" ಎಂದು ಗಾಡಿ ಹತ್ತುವಾಗಲೇ ತಾವೇ ಹೇಳಿದ್ದರು. ರಾಯಚೂರಿನ ಡಾಕ್ಟರು ಬಾಗಿಲಲ್ಲೇ ನೋಡಿ, "ಈಗ ತಂದ್ರ ನಾ ಏನ್ ಮಾಡ್ಲೆವ್ವಾ?" ಅಂದರು. ಕತ್ತಲ ಕೋಣೆಯಲ್ಲಿ ಎರಡು ದಿನ. ಮೂರನೆಯ ದಿನ ಇರಲಿಲ್ಲ.

ಅವರ ಬಾಯಿಯ ಜೊಲ್ಲು ನಾನೇ ಒರೆಸಿದ್ದೆ. ಗಂಜಿ ಹಚ್ಚಿ ಹಚ್ಚಿ ನನ್ನ ಬೆರಳೆಲ್ಲ ಒಡೆದಿದ್ದವು. ಅದನ್ನು ಕಂಡ ನರ್ಸಮ್ಮ ನನ್ನನ್ನು ನಲ್ಲಿಗೆ ಎಳೆದೊಯ್ದು, ಸಾಬೂನು ಹಚ್ಚಿ ಬಹಳ ಹೊತ್ತು ನೀರು ಬಿಟ್ಟು ತೊಳೆದಳು.

"ನೀರು ಹಾಕಬಾರದು ಅಂತಾರಲ್ರೀ?" ಅಂದೆ.

"ಯಾರಂದ್ರು? ಕಚ್ಚಿದ ಕೂಡ್ಲೆ ಮೊದಲು ಮಾಡೋದೇ ಇದು," ಅಂದವಳು ನನ್ನ ಮುಖ ನೋಡಿ ಮತ್ತೆ ಸಾಬೂನು ಹಚ್ಚಿದಳು. ಅವರ ಕೈಗೆ ನೀರು ತಾಗದಂತೆ ಕಾದವರು ಯಾರು ಅಂತ ಕೇಳಲಿಲ್ಲ.

ಮರುದಿನದಿಂದ ನನಗೂ ಸೂಜಿ ಶುರು ಮಾಡಿದರು. ಸೂತಕದ ಸೀರೆಯಲ್ಲೇ ದವಾಖಾನೆಯ ಪಡಸಾಲೆಯಲ್ಲಿ ಮಲಗಿ ಹದಿನಾಲ್ಕೂ ಹಾಕಿಸಿಕೊಂಡೆ. ಹೊಟ್ಟೆ ಬಾತಿತು, ಉರಿಯಿತು. ರಾತ್ರಿಗೆ ನಿದ್ದೆ ಬರುತ್ತಿತ್ತು. ತಾಳಿಕೊಳ್ಳಬಹುದಾದ ನೋವೇ. ಅಷ್ಟೇ ಇತ್ತು ಅದು.