ಪೂಜೆಗೆ ಮಾತ್ರ ತೆರೆಯುತ್ತಿದ್ದ ಕೋಣೆ

2003ರಲ್ಲಿ ನಾನು ಕುಮಾರಸ್ವಾಮಿ ಲೇಔಟ್ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ಶಾಲೆಗೆ ಆರು ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು. ಬಂದ ದಿನವೇ ಅವಕ್ಕೆ ಪ್ಲಾಸ್ಟಿಕ್ ಹೊದಿಕೆ, ಕೋಣೆಗೆ ಬೀಗ. ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ. ಮನುಷ್ಯ ಕೆಟ್ಟವರಲ್ಲ; ಏನಾದರೂ ಹಾಳಾದರೆ ಮೇಲಿನವರಿಗೆ ಉತ್ತರ ಕೊಡಬೇಕಲ್ಲ ಎಂಬ ಪುಕ್ಕಲುತನ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕೋಣೆ ತೆರೆದು, ಮಾನಿಟರುಗಳಿಗೆ ಕುಂಕುಮವಿಟ್ಟು, ಮಕ್ಕಳಿಗೆ ಕಡಲೆಪುರಿ ಹಂಚಿ, ಮತ್ತೆ ಮುಚ್ಚಿಸುತ್ತಿದ್ದರು. ಗುಡಿಯ ದೇವರಿಗಾದರೂ ದಿನಕ್ಕೆರಡು ಸಲ ಬಾಗಿಲು ತೆಗೆಯುತ್ತಾರೆ.

ಆಗ ಒಂಬತ್ತನೇ ತರಗತಿಗೆ ಹೃದಯದ ಪಾಠ ನಡೆದಿತ್ತು. ಹನ್ನೆರಡು ವರ್ಷದಿಂದ ಕೆಂಪು, ನೀಲಿ ಸೀಮೆಸುಣ್ಣದಲ್ಲಿ ನಾನು ಬರೆಯುತ್ತಿದ್ದುದು ಅದೇ ಚಿತ್ರ. ಮಕ್ಕಳು ಅಂದವಾಗಿ ನಕಲು ಮಾಡುತ್ತಿದ್ದರು, ಅಷ್ಟೇ. ಜೆ.ಪಿ. ನಗರದ ಸೈಬರ್ ಕೆಫೆಯೊಂದರಲ್ಲಿ ಹುಡುಕಿದಾಗ ಬಡಿಯುವ ಹೃದಯದ ಆನಿಮೇಷನ್, ಅಂದರೆ ಚಲಿಸುವ ಚಿತ್ರ, ಸಿಕ್ಕಿತು. ಫ್ಲಾಪಿಗೆ ಹಾಕಿಸಿಕೊಂಡೆ. ಅಂಗೈಯಗಲದ ಆ ಡಿಸ್ಕಿಗೆ ಒಂದು ಹಾಡೂ ಹಿಡಿಸುತ್ತಿರಲಿಲ್ಲ. ಈ ಪುಟ್ಟ ಚಿತ್ರ ಹೇಗೋ ಹಿಡಿಸಿತು.

ಬೀಗದ ಕೈ ಕೇಳಿದಾಗಲೆಲ್ಲ "ನೋಡೋಣ ಮೇಡಂ" ಎಂಬುದೇ ಉತ್ತರ. ಆಯುಧಪೂಜೆ ಬಂತು. ಮಂಗಳಾರತಿ ಮುಗಿದು, ಇನ್ನೇನು ಹೊದಿಕೆ ಹಾಕಬೇಕು ಎನ್ನುವಾಗ ನಾನು ಹೋಗಿ ಸ್ವಿಚ್ ಒತ್ತಿದೆ.

"ಪೂಜೆ ಮಾಡಿರೋದನ್ನ ಇವತ್ತು ಮುಟ್ಟಬಾರದು ಮೇಡಂ," ಎಂದರು ಹೆಡ್‌ಮಾಸ್ಟರು.

"ಮಿಕ್ಕ ದಿನ ನೀವು ಮುಟ್ಟೋಕೆ ಬಿಡಲ್ಲ ಸಾರ್. ಯಾವತ್ತು ಮುಟ್ಟೋದು, ನೀವೇ ಹೇಳಿ."

ಫ್ಲಾಪಿ ತೂರಿಸಿದೆ. ಕುಂಕುಮದ ಬೊಟ್ಟಿನ ಕೆಳಗೆ, ಪರದೆಯ ಮೇಲೆ ಹೃದಯ ಬಡಿಯತೊಡಗಿತು. ಪುಟ್ಟೇನಹಳ್ಳಿಯಿಂದ ಬರುತ್ತಿದ್ದ ಮಂಜುಳ ಎಂಬ ಹುಡುಗಿ ಹತ್ತಿರ ಬಂದು ಕವಾಟದ ಮೇಲೆ ಬೆರಳಿಟ್ಟಳು.

"ಮೇಡಂ, ಈ ಬಾಗಿಲು ಒಂದೇ ಕಡೆಗೆ ತೆಗೀತಿದೆ. ಸರಿಯಾಗಿ ಮುಚ್ಚದೇ ಹೋದ್ರೆ ರಕ್ತ ವಾಪಸ್ ಬರಲ್ವಾ? ನಮ್ಮಜ್ಜಿಗೆ ಡಾಕ್ಟ್ರು ಹೇಳಿದ್ದು ಇದೇನಾ?"

ಹನ್ನೆರಡು ವರ್ಷದಲ್ಲಿ ನನ್ನ ಸೀಮೆಸುಣ್ಣದ ಹೃದಯವನ್ನು ಯಾರೂ ಹೀಗೆ ಪ್ರಶ್ನಿಸಿರಲಿಲ್ಲ. ಸಂತೋಷವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಇದನ್ನು ನೋಡದೆಯೇ ಎರಡು ತಂಡದ ಮಕ್ಕಳು ಶಾಲೆ ಬಿಟ್ಟು ಹೋಗಿದ್ದರು. ಬಾಗಿಲಲ್ಲಿ ನೇತಾಡುತ್ತಿದ್ದ ಬೀಗದ ಕೈಯನ್ನು ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ. "ಕೆಟ್ಟರೆ ನಾನು ಉತ್ತರ ಕೊಡ್ತೀನಿ ಸಾರ್" ಎಂದೆ.

ಕೆಟ್ಟವು. ದಿನಾ ಮಕ್ಕಳು ಕೂತರೆ ಕೆಡದೇ ಇರುತ್ತವೆಯೇ? ಮಾರ್ಚ್ ಹೊತ್ತಿಗೆ ಎರಡು ಮೌಸ್ ಹೋಗಿದ್ದವು, ಒಂದು ಕೀಬೋರ್ಡಿನ ಗುಂಡಿ ಕಿತ್ತುಬಂದಿತ್ತು. ತಪಾಸಣೆಗೆ ಬಂದ ಅಧಿಕಾರಿ ಕೆಂಡವಾದರು. "ಬೇರೆ ಸ್ಕೂಲಲ್ಲಿ ಹೊಸದರ ಥರಾನೇ ಇಟ್ಕೊಂಡಿದ್ದಾರೆ."

"ಮುಟ್ಟದಿದ್ರೆ ಹೊಸದಾಗೇ ಇರುತ್ತೆ ಸಾರ್."

"ರಿಪೇರಿ ಆಗೋವರೆಗೂ ಬೀಗ ಹಾಕಿ."

"ನಾನಂತೂ ಹಾಕಲ್ಲ. ಬೇಕಾದ್ರೆ ನನ್ನನ್ನೇ ಬೇರೆ ಕಡೆ ಹಾಕಿ."

ಹಾಕಿದರು. ಜೂನ್‌ನಲ್ಲಿ ವರ್ಗಾವಣೆಯ ಆದೇಶ ಬಂತು. ಬೇಸರವಾಗಲಿಲ್ಲ ಎಂದರೆ ಸುಳ್ಳು; ಆದರೆ ಯಾರ ಬಾಗಿಲಿಗೂ ಹೋಗಿ ಕೈಕಟ್ಟಿ ನಿಲ್ಲಲಿಲ್ಲ. ಮುಂದೆ ಪ್ರೊಜೆಕ್ಟರ್ ಬಂತು, ಇಂಟರ್ನೆಟ್ ಬಂತು. ಯಾವ ಶಾಲೆಗೆ ಹೋದರೂ ನಾನು ಮೊದಲು ಕೇಳುತ್ತಿದ್ದುದು, ಬೀಗದ ಕೈ ಯಾರ ಹತ್ತಿರ ಇದೆ ಎಂದು. ಶಾಲೆಯ ವಸ್ತು ಮಕ್ಕಳ ಕೈಯಲ್ಲಿಯೇ ಸವೆಯಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಆ ಶಾಲೆಯಿಂದ ಹೊರಡುವ ದಿನ ಹೆಡ್‌ಮಾಸ್ಟರು ಬೀಗದ ಕೈಗಾಗಿ ಕೈಚಾಚಿದರು. ನಾನು ಅದನ್ನು ಮಂಜುಳಳ ತರಗತಿಗೆ ಒಯ್ದು, ಮಕ್ಕಳಿಗೆ ಎಟುಕುವ ಮೊಳೆಗೆ ನೇತುಹಾಕಿದೆ. ಹೆಡ್‌ಮಾಸ್ಟರು ಹಿಂದೆಯೇ ಬಂದರು.

"ಕಳೆದೋದ್ರೆ ಯಾರು ಮೇಡಂ ಜವಾಬ್ದಾರಿ?"

"ಇವರು" ಎಂದು ಮಕ್ಕಳ ಕಡೆ ಕೈ ತೋರಿಸಿದೆ. ಹೆಡ್‌ಮಾಸ್ಟರು ಆ ಮೊಳೆಯವರೆಗೆ ಹೋದರು. ಬೀಗದ ಕೈ ತೆಗೆಯಲಿಲ್ಲ.